ಪ್ರಕರಣ: ಉದ್ರಿ ಕೇಳಲು ಬಾಯಿ ಬಾರದ ರೊಟ್ಟಿ ವ್ಯಾಪಾರಿ

(ಹೆಸರು, ಊರು ಹಾಗೂ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಗಿರಿಜಕ್ಕ ಎಂದು ಕರೆಯೋಣ. ವಯಸ್ಸು 43. ಧಾರವಾಡ ಜಿಲ್ಲೆಯ ಒಂದು ಪಟ್ಟಣದಲ್ಲಿ ಏಳೆಂಟು ವರ್ಷಗಳಿಂದ ಕಡಕ್ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಾರೆ. ರಾತ್ರಿ ಮೂರಕ್ಕೇ ಎಚ್ಚರ, ಎದೆ ಹಿಡಿದಂತಾಗುವುದು, ಅಂಗೈ ಬೆವರುವುದು. ವೈದ್ಯರು ಇಸಿಜಿ ಮಾಡಿಸಿ, ರಕ್ತದೊತ್ತಡ ನೋಡಿ, ಎಲ್ಲವೂ ಸರಿಯಿದೆ ಎಂದ ಮೇಲೆ ಆಪ್ತಸಲಹೆಗೆಂದು ನನ್ನ ಬಳಿಗೆ ಕಳುಹಿಸಿದ್ದರು.

ಮೊದಲ ಭೇಟಿಯಲ್ಲಿ ಅವರು ವ್ಯಾಪಾರದ ಬಗ್ಗೆ ಒಂದೂ ದೂರು ಹೇಳಲಿಲ್ಲ. ದಿನಕ್ಕೆ 500 ರೊಟ್ಟಿ ಹೋಗುತ್ತವೆ, ಇಬ್ಬರು ಹೆಣ್ಣುಮಕ್ಕಳು ಬಡಿಯಲು ಬರುತ್ತಾರೆ, ಯಜಮಾನರು ತಮ್ಮ ಆಟೋದಲ್ಲೇ ಖಾನಾವಳಿಗಳಿಗೆ ಮುಟ್ಟಿಸುತ್ತಾರೆ, ದೇವರ ದಯೆಯಿಂದ ಎಲ್ಲವೂ ಚೆನ್ನಾಗಿದೆ. ಹಾಗಾದರೆ ಮೂರು ಗಂಟೆಗೆ ಎಚ್ಚರವಾದಾಗ ತಲೆಯಲ್ಲಿ ಓಡುವುದೇನು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೋಳದ ಅಂಗಡಿಯವನಿಗೆ ಏನು ಹೇಳಲಿ ಅಂತ, ಮೇಡಂ" ಎಂದರು.

ಅಷ್ಟು ವ್ಯಾಪಾರವಿದ್ದೂ ಜೋಳದ ಅಂಗಡಿಗೆ ಕೊಡಲು ದುಡ್ಡಿಲ್ಲ. ಒಂದು ಜೊತೆ ಬಳೆ ಅಡವಿಟ್ಟು 80 ಸಾವಿರ ತಂದಿದ್ದರು, ಮಹಿಳಾ ಸಂಘದಿಂದ 50 ಸಾವಿರ. ಸಾಲ ತಂದ ಪ್ರತಿ ಸಲವೂ "ಈ ಒಂದು ತಿಂಗಳು ದಾಟಿದರೆ ಸಾಕು" ಎಂದುಕೊಂಡಿದ್ದರು. ಇದರ ನಡುವೆ ಮಗನ ಹಟ: ರೊಟ್ಟಿ ಯಂತ್ರ ಹಾಕಿಸೋಣ, ಸರ್ಕಾರ ಅರ್ಧ ಹಣ ಕೊಡುತ್ತದೆ.

ಮುಂದಿನ ಭೇಟಿಗೆ ಲೆಕ್ಕದ ಪುಸ್ತಕ ತನ್ನಿ ಎಂದೆ. ಆಪ್ತಸಲಹೆಗೂ ಲೆಕ್ಕದ ಪುಸ್ತಕಕ್ಕೂ ಏನು ಸಂಬಂಧ ಎಂದು ನನ್ನ ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ನಿದ್ದೆ ಕೆಡಿಸುತ್ತಿರುವುದು ಹಣವಾದರೆ ಉಸಿರಾಟದ ವ್ಯಾಯಾಮವೊಂದನ್ನೇ ಹೇಳಿಕೊಟ್ಟು ಕಳುಹಿಸುವುದು ನನಗೆ ಸರಿಯೆನಿಸುವುದಿಲ್ಲ.

ಅವರು ತಂದದ್ದು ಮಗನ ಹಳೆಯ ಶಾಲಾ ನೋಟ್‌ಬುಕ್. ಮುಂದಿನಿಂದ ಗಣಿತದ ಮನೆಪಾಠ, ಹಿಂದಿನಿಂದ ಉದ್ರಿ. ಹೆಸರುಗಳ ಜಾಗದಲ್ಲಿ "ಬಸ್‌ಸ್ಟ್ಯಾಂಡ್ ಅಣ್ಣ", "ಮೇಲಿನ ಖಾನಾವಳಿ", "ಹಾಸ್ಟೆಲ್ ದಪ್ಪ ಸರ್". ಪ್ರತಿ ಹೆಸರಿನ ಮುಂದೆ ಗೀಟುಗಳು, ಒಂದು ಗೀಟಿಗೆ 25 ರೊಟ್ಟಿಯ ಒಂದು ಕಟ್ಟು. ಹಣ ಬಂದಾಗ ಗೀಟುಗಳ ಮೇಲೆ ಅಡ್ಡಗೆರೆ. ಎಷ್ಟು ಬಂತು, ಯಾವಾಗ ಬಂತು ಎಂಬುದು ಎಲ್ಲೂ ಇಲ್ಲ. ಅಡ್ಡಗೆರೆ ಬೀಳದ ಗೀಟುಗಳನ್ನು ಇಬ್ಬರೂ ಕೂತು ಎಣಿಸಿದೆವು. ಒಟ್ಟು ಬಾಕಿ 1,34,000 ರೂಪಾಯಿ. ಅದರಲ್ಲಿ ಹಾಸ್ಟೆಲ್ ಅಡುಗೆಯ ಗುತ್ತಿಗೆದಾರನೊಬ್ಬನದೇ 82,000.

ಕಾಗದದ ಮೇಲೆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದೆ: ತಂದ ಸಾಲ 1,30,000, ಬರಬೇಕಾದ ಉದ್ರಿ 1,34,000. ಗಿರಿಜಕ್ಕ ಅವನ್ನು ನೋಡಿ, "ಅಂದರೆ ನನ್ನ ಬಳೆ ಹಾಸ್ಟೆಲಿನವನ ಹತ್ತಿರ ಇದೆ" ಎಂದರು. ನಾನು ಅರ್ಧ ಗಂಟೆ ವಿವರಿಸಬೇಕೆಂದುಕೊಂಡಿದ್ದನ್ನು ಅವರೇ ಒಂದು ಮಾತಿನಲ್ಲಿ ಮುಗಿಸಿದರು.

ಆಮೇಲೆ ಒಂದು ರೊಟ್ಟಿಯ ಲೆಕ್ಕಕ್ಕೆ ಕೈ ಹಾಕಿದೆವು. ಕಿಲೋ ಜೋಳಕ್ಕೆ ಬೀಸುವ ಕೂಲಿ ಸೇರಿ 56 ರೂಪಾಯಿ, 16 ರೊಟ್ಟಿ ಏಳುತ್ತವೆ. ಅಲ್ಲಿಗೆ ಮೂರೂವರೆ ರೂಪಾಯಿ. ಮಾರುವುದು ಏಳಕ್ಕೆ. ಬಡಿಯುವವರ ಕೂಲಿ, ಗ್ಯಾಸ್ ಕಳೆದರೂ ತಿಂಗಳಿಗೆ 20 ಸಾವಿರಕ್ಕೆ ಮೋಸವಿಲ್ಲ ಎಂಬುದು ಅವರ ನಂಬಿಕೆ. ಬಡಿಯುವವರಿಗೆ ರೊಟ್ಟಿಗೆ 1.75. ಆದರೆ 500ರಲ್ಲಿ 200 ರೊಟ್ಟಿಯನ್ನು ಬಡಿಯುವವರು ಗಿರಿಜಕ್ಕನೇ, ಅದಕ್ಕೆ ಕೂಲಿ ಹಾಕಿಕೊಂಡಿರಲಿಲ್ಲ. "ನನಗೆ ನಾನೇ ಏನು ಕೂಲಿ ಕೊಡುವುದು?" ಎಂದು ನಕ್ಕರು. ನಾಳೆ ನೀವು ಹಾಸಿಗೆ ಹಿಡಿದರೆ ಆ 200 ರೊಟ್ಟಿ ಯಾರು ಬಡಿಯುತ್ತಾರೆ, ಪುಕ್ಕಟೆ ಬಡಿಯುತ್ತಾರೆಯೇ ಎಂದು ಕೇಳಿದಾಗ ನಗು ನಿಂತಿತು. ಅವರ ಕೂಲಿ, ಗ್ಯಾಸ್, ಪ್ಲಾಸ್ಟಿಕ್ ಚೀಲ, ಆಟೋದ ಇಂಧನ, ಮುರಿದುಹೋಗುವ ರೊಟ್ಟಿ ಎಲ್ಲ ಸೇರಿಸಿದರೆ ಒಂದಕ್ಕೆ 6.35. ಉಳಿಯುವುದು 65 ಪೈಸೆ. ತಿಂಗಳಿಗೆ ಸುಮಾರು ಎಂಟು ಸಾವಿರ.

ಅದೂ ಕೈಗೆ ಬರುತ್ತಿರಲಿಲ್ಲ. ಪ್ರತಿ ಕಟ್ಟಿನ ಜೊತೆ ಒಂದು ಪೊಟ್ಟಣ ಶೇಂಗಾ ಚಟ್ನಿ ಪುಕ್ಕಟೆ ಹೋಗುತ್ತಿತ್ತು. ಯಾವುದೋ ಖಾನಾವಳಿಯವರು ಒಮ್ಮೆ ಕೇಳಿದ್ದರು, ಇವರು ಕೊಟ್ಟರು, ಮುಂದೆ ಅದೇ ಮಾಮೂಲಿಯಾಯಿತು. ದಿನಕ್ಕೆ ಒಂದು ಕಿಲೋ ಚಟ್ನಿ, ತಗಲುವ ಖರ್ಚು 220 ರೂಪಾಯಿ, ತಿಂಗಳಿಗೆ ಐದೂವರೆ ಸಾವಿರ. ಸಾಲಗಳ ಬಡ್ಡಿ ಮತ್ತೊಂದೂವರೆ ಸಾವಿರ. ಇಷ್ಟೆಲ್ಲ ಓಡಾಟಕ್ಕೆ ಕೊನೆಗೆ ಉಳಿಯುವುದು ಸಾವಿರ ರೂಪಾಯಿಯ ಆಸುಪಾಸು. ಅದೇ ಚಟ್ನಿ ಮನೆ ಬಾಗಿಲಿನಲ್ಲಿ ಕಿಲೋಗೆ 400ರಂತೆ ಮಾರಾಟವಾಗುತ್ತದೆ. ಲಾಭದ ಸರಕು ಯಾವುದೋ ಅದನ್ನೇ ಇವರು ದಾನ ಮಾಡುತ್ತಿದ್ದರು.

ಲೆಕ್ಕ ತಿಳಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಉದ್ರಿ ಕೇಳಬೇಕು, ಇವರಿಗೆ ಕೇಳಲು ಬಾಯಿ ಬರುವುದಿಲ್ಲ. ನಮ್ಮ ಕಡೆ ಅರ್ಧದಷ್ಟು ಅಂಗಡಿಗಳಲ್ಲಿ "ಇಂದು ರೋಖ, ನಾಳೆ ಉದ್ರಿ" ಎಂಬ ಬೋರ್ಡು ತೂಗುತ್ತದೆ, ಬಾಯಿಂದ ಹೇಳಲಾಗದ್ದನ್ನು ಬೋರ್ಡು ಹೇಳಲಿ ಎಂದು. ಮನೆಯಿಂದ ವ್ಯಾಪಾರ ಮಾಡುವ ಹೆಂಗಸರಿಗೆ ಆ ಬೋರ್ಡೂ ಇಲ್ಲ. ಅಭ್ಯಾಸಕ್ಕೆಂದು ನಾನು ಹಾಸ್ಟೆಲ್ ಗುತ್ತಿಗೆದಾರನಾಗಿ ಕೂತೆ, ಗಿರಿಜಕ್ಕ ಹಣ ಕೇಳಬೇಕಿತ್ತು. ಶುರುವಾದದ್ದು ಹೀಗೆ: "ಸರ್, ತಪ್ಪು ತಿಳಿಯಬೇಡಿ, ನಿಮಗೆ ಅನುಕೂಲವಾದರೆ, ಈಗಲೇ ಅಂತ ಇಲ್ಲ…" ತನ್ನ ದುಡ್ಡು ಕೇಳಲು ಮೂರು ಸಲ ಕ್ಷಮೆ. ಆ ವಾಕ್ಯವನ್ನು ಕತ್ತರಿಸುತ್ತಾ ಹೋದೆವು. ಕೊನೆಗೆ ಉಳಿದದ್ದು: "ಸರ್, ಶನಿವಾರದೊಳಗೆ ಹಳೆಯ ಬಾಕಿಯಲ್ಲಿ 20 ಸಾವಿರ ಬರಲಿ. ಬಂದರೆ ಸೋಮವಾರ ರೊಟ್ಟಿ ಬರುತ್ತದೆ." ಹೇಳಿ ಮುಗಿಸಿ ಸುಮ್ಮನಿರುವುದು ಅದಕ್ಕಿಂತ ಕಷ್ಟವಾಯಿತು. ಎದುರಿನವರು ಉತ್ತರಿಸುವ ಮೊದಲೇ "ಇರಲಿ ಬಿಡಿ" ಎಂದುಬಿಡುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಇದನ್ನೇ ಅಭ್ಯಾಸ ಮಾಡಲು ಹೇಳಿದೆ.

ಒಂದು ತೊಡಕಿತ್ತು. ಆ ಗುತ್ತಿಗೆದಾರ ಗಿರಿಜಕ್ಕನ ಗಂಡನ ಊರಿನವನು. "ಊರವರ ಹತ್ತಿರ ಹಣ ಕೇಳಿದರೆ ಮರ್ಯಾದೆ ಏನಾದೀತು" ಎಂದು ಅವರೇ ಹೆಂಡತಿಯ ಬಾಯಿ ಕಟ್ಟಿದ್ದರು. ಅವರನ್ನೂ ಕರೆಸಿದೆ. ಕೈಕಟ್ಟಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ನಿಮ್ಮ ಆಟೋದಲ್ಲಿ ಊರಿನವರೊಬ್ಬರು ದಿನಾ ಹತ್ತಿ, ಬಾಡಿಗೆ ಕೊಡದೆ ಇಳಿದರೆ ಏನು ಮಾಡುತ್ತೀರಿ ಎಂದೆ. "ಒಂದು ವಾರ ನೋಡುತ್ತೇನೆ, ಆಮೇಲೆ ಗಾಡಿ ನಿಲ್ಲಿಸುವುದಿಲ್ಲ" ಎಂದರು. ಹೇಳಿದ ಮೇಲೆ ಹೆಂಡತಿಯ ಕಡೆ ನೋಡಿದರು. ಅವರ ಕಷ್ಟವೂ ಅರ್ಥವಾಗುವಂಥದ್ದೇ: ಹೆಂಡತಿಯ ಗಳಿಕೆ ತಮ್ಮದನ್ನು ಮೀರಿದ ಮನೆಯಲ್ಲಿ, ಊರಿನ ಕಡೆಯ ಮರ್ಯಾದೆಯೊಂದಾದರೂ ತಮ್ಮ ಕೈಯಲ್ಲಿರಲಿ ಎಂಬ ಆಸೆ. ಆಟೋದಲ್ಲಿ ರೊಟ್ಟಿ ಮುಟ್ಟಿಸುವ ಕೆಲಸಕ್ಕೂ ಬಾಡಿಗೆ ಹಚ್ಚಿ ಪುಸ್ತಕದಲ್ಲಿ ಬರೆಯಿರಿ ಎಂದಾಗ ಅವರು ಸ್ವಲ್ಪ ಸಡಿಲವಾದರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಎರಡು ಡಬ್ಬಿ, ಎರಡು ಖಾತೆ. ವ್ಯಾಪಾರದ ಹಣದಿಂದ ಮನೆಗೆ ಹೋಗಬೇಕಾದದ್ದು ಗಿರಿಜಕ್ಕನ ಪಗಾರ ಮಾತ್ರ, ವಾರಕ್ಕೊಮ್ಮೆ, ಗೊತ್ತಾದ ಮೊತ್ತ. ರೊಟ್ಟಿಯ ದರ ಎಂಟಕ್ಕೆ ಏರಿಸುವುದು, ಚಟ್ನಿಗೆ ಬೇರೆ ಬೆಲೆ ಕಟ್ಟುವುದು. ಹೋಗುವ ಗಿರಾಕಿ ಹೋಗಲಿ ಎಂದು ಸ್ಪಷ್ಟವಾಗಿಯೇ ಹೇಳಿದೆ. ಗಿರಾಕಿ ಕಳೆದುಕೊಳ್ಳುವ ಭಯದಲ್ಲೇ ನಮ್ಮ ಸಣ್ಣ ವ್ಯಾಪಾರಗಳು ಸೊರಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗಾಗಿ ಇರುವ ಕೇಂದ್ರ ಸರ್ಕಾರದ ನೋಂದಣಿ. 2020ರ ಜುಲೈನಿಂದ ಇರುವ ಈ ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಬೇಕು. ಹಣ ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬಾರದು. ಇದರ ಲಾಭ ಸಾಲಕ್ಕಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಖರೀದಿದಾರ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಮುಂಚಿನ ಬಾಕಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ, ಆದ್ದರಿಂದ ಹಾಸ್ಟೆಲಿನ 82 ಸಾವಿರಕ್ಕೆ ಬಾಯಿಯೇ ಗತಿ. ಮುಂದಿನ ಸರಕಿಗೆ ಮಾತ್ರ ಬಿಲ್ ಬರೆದು, ದಿನಾಂಕ ಹಾಕಿ, ಸಹಿ ಪಡೆಯಬೇಕು.

ಯುಪಿಐ ವಿಷಯವೂ ಬಂತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಇವರೂ ಹೆದರಿ ಗೋಡೆಯ ಮೇಲಿದ್ದ ಕ್ಯುಆರ್ ಹಾಳೆ ಕಿತ್ತುಹಾಕಿದ್ದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಇವರ ವಹಿವಾಟು ಹತ್ತೂವರೆ ಲಕ್ಷದ ಆಸುಪಾಸು. ಹಾಳೆ ಮತ್ತೆ ಅಂಟಿಸಿ ಎಂದೆ. ಬ್ಯಾಂಕಿನಲ್ಲಿ ಕಾಣುವ ವಹಿವಾಟೇ ನಾಳೆ ಸಾಲ ಕೇಳುವಾಗ ಸಾಕ್ಷಿ.

ಯಂತ್ರದ ಬಗ್ಗೆ ಮಗನಿಗೆ ಬೇಸರವಾಗುವ ಉತ್ತರವನ್ನೇ ಕೊಡಬೇಕಾಯಿತು. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಆಗ ಕೇಂದ್ರದ ಶೇ 35 ಸಹಾಯಧನವಿತ್ತು, ಅದರ ಮೇಲೆ ನಮ್ಮ ರಾಜ್ಯದ ಶೇ 15 ಇತ್ತು, ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅದು ಬ್ಯಾಂಕ್ ಸಾಲಕ್ಕೆ ಕಟ್ಟಿಕೊಂಡೇ ಬರುವ ಸಹಾಯಧನ, ಕೈಗೆ ಕೊಡುವ ನಗದಲ್ಲ. 500 ರೊಟ್ಟಿಯ ಉದ್ರಿ ವಸೂಲಾಗದ ಮನೆಗೆ 2,000 ರೊಟ್ಟಿಯ ಯಂತ್ರ ಬಂದರೆ ನಾಲ್ಕು ಪಟ್ಟು ಉದ್ರಿ. ಇದು ನನ್ನ ಕ್ಷೇತ್ರವಲ್ಲ, ನಾನು ಹೇಳಿದ್ದೇ ಕಡೆಯ ಮಾತೆಂದು ತಿಳಿಯಬಾರದು ಎಂದು, ಉದ್ಯಮಶೀಲತೆಯ ತರಬೇತಿ ನೀಡುವ ಧಾರವಾಡದ ಸಿಡಾಕ್‌ಗೆ ಹೋಗಿ ವಿಚಾರಿಸುವಂತೆ ಮಗನಿಗೆ ಹೇಳಿದೆ.

ಮೂರು ತಿಂಗಳ ನಂತರದ ಸ್ಥಿತಿ ಹೀಗಿದೆ. ಗುತ್ತಿಗೆದಾರ ಎರಡು ಕಂತಿನಲ್ಲಿ 35 ಸಾವಿರ ಕೊಟ್ಟು, ಬೇರೆಯವರ ಹತ್ತಿರ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದಾನೆ. ಉಳಿದದ್ದು ಬರುವ ಭರವಸೆ ಗಿರಿಜಕ್ಕನಿಗೂ ಇಲ್ಲ. ದಿನದ ರೊಟ್ಟಿ 360ಕ್ಕೆ ಇಳಿದಿದೆ. ಉಳಿದ ಖಾನಾವಳಿಗಳು ಗೊಣಗಿ ಎಂಟು ರೂಪಾಯಿಗೆ ಒಪ್ಪಿಕೊಂಡಿವೆ, ವಾರದ ಹಣ ವಾರಕ್ಕೆ. ಚಟ್ನಿಗೆ ಕಾಲು ಕಿಲೋ ಪೊಟ್ಟಣದ ಗಿರಾಕಿಗಳು ಹುಟ್ಟಿದ್ದಾರೆ. ಸಂಘದ ಸಾಲದ ಕಂತು ತಪ್ಪಿಲ್ಲ, ಬಳೆ ಇನ್ನೂ ಅಡವಿನಲ್ಲೇ ಇವೆ. ನಿದ್ದೆ ನಾಲ್ಕೂವರೆಯವರೆಗೆ ಬರುತ್ತಿದೆ. ರೊಟ್ಟಿಯವರಿಗೆ ಅದು ಏಳುವ ಹೊತ್ತೇ.

ಈಗಿನ ಜಗಳ ಮಗನ ಜೊತೆ. ಚಟ್ನಿ ಪೊಟ್ಟಣಗಳನ್ನು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸುವವನು ಅವನೇ. ಅಮ್ಮನಿಗೂ ಅಪ್ಪನಿಗೂ ಪಗಾರ ಇದ್ದ ಮೇಲೆ ತನಗೂ ತಿಂಗಳಿಗೆ ಆರು ಸಾವಿರ ಬೇಕು ಎನ್ನುತ್ತಾನೆ. "ಮನೆ ಮಗನಿಗೆ ಪಗಾರವೇ, ಮೇಡಂ?" ಎಂದು ಗಿರಿಜಕ್ಕ ಕೇಳುತ್ತಿದ್ದಾರೆ. ಮುಂದಿನ ಭೇಟಿಗೆ ಮೂವರೂ ಒಟ್ಟಿಗೆ ಬರಲಿದ್ದಾರೆ, ಪುಸ್ತಕದ ಸಮೇತ.