ಕೋರ್ಟು, ಖಜಾನೆ, ಜೈಲು ಒಂದೇ ಕಾಂಪೌಂಡಿನಲ್ಲಿ ಯಾಕೆ?

ಪ್ರಶ್ನೆ: ನಮ್ಮ ತಾಲೂಕಿನ ಹಳೇ ಕಚೇರಿಯಲ್ಲಿ ಕೋರ್ಟು, ಖಜಾನೆ, ಜೈಲು ಎಲ್ಲ ಒಂದೇ ಕಾಂಪೌಂಡಿನಲ್ಲಿವೆ. ಹಾಗೆ ಯಾಕೆ ಕಟ್ಟಿದರು? ಗೋಡೆ ಎರಡಡಿ ದಪ್ಪ, ಕೈದಿಗಳು ಕನ್ನ ಕೊರೆಯಬಾರದು ಅಂತಾನಾ? ಈಗ ರಿಪೇರಿ ಮಾಡಿ ಸಿಮೆಂಟ್ ಗಿಲಾವು ಹಾಕಿಸ್ತಾರಂತೆ, ಸರೀನಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಆಗ ಎಲ್ಲ ಕೆಲಸವೂ ಒಬ್ಬರ ಕೈಯಲ್ಲೇ ಇತ್ತು, ಅದಕ್ಕೇ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ನಿಮ್ಮ ಹಾವೇರಿಯೂ ಸೇರಿದ್ದ ಧಾರವಾಡ ಸೀಮೆ ಬ್ರಿಟಿಷರ ಕೈಗೆ ಬಂತು. ನಾವು 1956ರವರೆಗೂ ಮುಂಬೈ ಆಡಳಿತದಲ್ಲೇ ಇದ್ದೆವು. ಜಿಲ್ಲೆಗೆ ಕಲೆಕ್ಟರ್, ತಾಲೂಕಿಗೆ ಮಾಮಲೇದಾರ, ಅಂದ್ರೆ ಈಗಿನ ತಹಶೀಲ್ದಾರ. ಕಂದಾಯ ವಸೂಲು ಮಾಡುವವನೂ ಅವನೇ, ಮ್ಯಾಜಿಸ್ಟ್ರೇಟ್ ಆಗಿ ಸಣ್ಣಪುಟ್ಟ ಅಪರಾಧಕ್ಕೆ ಶಿಕ್ಷೆ ಕೊಡುವವನೂ ಅವನೇ. ಹೊಲದ ಕಬ್ಜಾ, ನೀರಿನ ತಂಟೆ ನೋಡೋಕೂ 1906ರ ಮಾಮಲೇದಾರ ಕೋರ್ಟು ಕಾಯ್ದೆ ಅವನಿಗೇ ಅಧಿಕಾರ ಕೊಟ್ಟಿತ್ತು. ತೆರಿಗೆ ಕೇಳಿದವನ ಮುಂದೆಯೇ ಕಟಕಟೆಯಲ್ಲಿ ನಿಲ್ಲಬೇಕು ಅಂದ್ರೆ ರೈತನ ಪಾಡು ಹೇಗಿತ್ತೋ ಊಹಿಸಿ! ಇನ್ನು ಖಜಾನೆಗೂ ಲಾಕಪ್ಪಿಗೂ ಪೊಲೀಸ್ ಪಹರೆ ಬೇಕೇ ಬೇಕು. ಅಕ್ಕಪಕ್ಕ ಇದ್ದರೆ ಒಂದೇ ಪಹರೆ ಸಾಕು, ಖರ್ಚೂ ಕಡಿಮೆ. ಆಡಳಿತ ನಡೆಸುವ ಅಧಿಕಾರ, ನ್ಯಾಯ ಹೇಳುವ ಅಧಿಕಾರ ಎರಡನ್ನೂ ಬೇರೆ ಮಾಡುವ ಕಾನೂನನ್ನು ಮುಂಬೈ ರಾಜ್ಯ ತಂದಿದ್ದು 1951ರಲ್ಲಿ.

ಗೋಡೆಯ ದಪ್ಪಕ್ಕೂ ಕನ್ನಕ್ಕೂ ಅಷ್ಟೇನೂ ಸಂಬಂಧ ಇಲ್ಲ. ಜೈಲಿನ ಗೋಡೆ ಅಂದ್ರೆ ಸರಿ, ಗುಮಾಸ್ತರ ಕೋಣೆಗೂ ಅಷ್ಟೇ ದಪ್ಪದ ಗೋಡೆ ಇದೆ ಅಲ್ವಾ? ಕಾಂಕ್ರೀಟ್ ಕಂಬ ಇಲ್ಲದ ಕಾಲ, ತೊಲೆ, ಹಂಚು ಎಲ್ಲದರ ಭಾರ ಗೋಡೆಯೇ ಹೊರಬೇಕು. ಕಲ್ಲು, ಸುಣ್ಣದ ಗಾರೆಯ ದಪ್ಪ ಗೋಡೆ ಬಿಸಿಲಿಗೆ ನಿಧಾನಕ್ಕೆ ಕಾಯುತ್ತದೆ, ಒಳಗೆ ಮಧ್ಯಾಹ್ನವೂ ತಂಪು. ಮಾಡು ಎತ್ತರ ಇರೋದು, ಮೇಲೆ ಗವಾಕ್ಷಿ ಬಿಟ್ಟಿರೋದು ಬಿಸಿಗಾಳಿ ಹೊರಗೆ ಹೋಗಲಿ ಅಂತ. ಸುತ್ತಲಿನ ಪಡಸಾಲೆ ಗೋಡೆಗೆ ಬಿಸಿಲು, ಮಳೆ ತಾಗದಂತೆ ತಡೆಯುತ್ತದೆ, ಕಕ್ಷಿದಾರರು ಕಾದು ಕೂರೋಕೂ ಅದೇ ಜಾಗ. ಮಂಗಳೂರು ಹಂಚು ಇದ್ದರೆ ಆ ಮಾಡು 1865ಕ್ಕಿಂತ ಈಚಿನದು, ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಿದ್ದೇ ಆ ವರ್ಷ. ಕಟ್ಟಡ ಇನ್ನೂ ಹಳೆಯದಿರಬಹುದು, ಹಂಚು ಆಮೇಲೆ ಹೊದಿಸಿರಬಹುದು.

ಸಿಮೆಂಟ್ ಮಾತ್ರ ಬೇಡ್ರೀ. ಸುಣ್ಣದ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿದು, ಉಪ್ಪು ಕಟ್ಟಿ, ಗಿಲಾವು ಹೊಪ್ಪಳಿಕೆ ಏಳುತ್ತದೆ, ಕೆಲವು ಕಡೆ ಕಲ್ಲು ಇಟ್ಟಿಗೆಯೂ ಉದುರುತ್ತವೆ. ಎಸ್ಟಿಮೇಟಿನಲ್ಲಿ ಸುಣ್ಣದ ಗಾರೆ ಅಂತ ಬರೆಸಿ, ಮತ್ತೆ ಎಸಿ ಕೂರಿಸೋಕೆ ಗವಾಕ್ಷಿ ಮುಚ್ಚೋಕೆ ಬಿಡಬೇಡಿ.