ಹಡ್ಸನ್ ರಿವರ್ ಸ್ಕೂಲ್ ಚಿತ್ರಗಳನ್ನು ನೋಡಲು ಒಂದೇ ದಿನ ಇದ್ದರೆ ಎಲ್ಲಿಗೆ ಹೋಗಬೇಕು?

ಹಡ್ಸನ್ ರಿವರ್ ಸ್ಕೂಲ್ ಅನ್ನೋ ಚಿತ್ರಕಲಾ ಶಾಲೆ ಎಲ್ಲಿದೆ, ಮಗಳ ಮನೆಗೆ ನ್ಯೂಯಾರ್ಕಿಗೆ ಬಂದಾಗ ಒಂದು ದಿನ ಬಿಡುವು ಸಿಕ್ಕರೆ ಏನು ನೋಡಬಹುದು ಅಂತ ಕೇಳಿದ್ದೀರಿ. ಅಂಥ ಶಾಲೆಯೇ ಇಲ್ಲ! 1825ರ ಆಚೀಚೆ ಶುರುವಾಗಿ ಸುಮಾರು 50 ವರ್ಷ ಅಮೆರಿಕದ ಬೆಟ್ಟ, ನದಿ, ಕಾಡುಗಳನ್ನು ಬರೆದ ಚಿತ್ರಕಾರರ ಬಳಗಕ್ಕೆ ಆಮೇಲೆ ಅಂಟಿಕೊಂಡ ಹೆಸರು ಅದು. ಹೊಗಳಿ ಇಟ್ಟದ್ದೂ ಅಲ್ಲ, ಇವರದೆಲ್ಲ ಹಳೇ ಕಾಲದ್ದು ಅಂತ ಗೇಲಿ ಮಾಡೋಕೆ ಬಳಸಿದ್ದು.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಊರಿಂದ ಬಂದವರನ್ನೆಲ್ಲ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅಲ್ಲಿಗೇ ಹೋಗಿ. ಬುಧವಾರ ರಜೆ, ನೆನಪಿರಲಿ. ಎಲ್ಲರೂ ಮೊದಲು ಈಜಿಪ್ಟಿನ ಮಮ್ಮಿಗಳನ್ನು ನೋಡಿ, ಕಾಲು ಸೋತ ಮೇಲೆ ಈ ಚಿತ್ರಗಳಿರುವ ಅಮೆರಿಕನ್ ವಿಂಗ್‌ಗೆ ಬರುತ್ತಾರೆ. ನೀವು ಉಲ್ಟಾ ಮಾಡಿ.

ಫ್ರೆಡರಿಕ್ ಚರ್ಚ್ 1859ರಲ್ಲಿ ಮುಗಿಸಿದ 'ಹಾರ್ಟ್ ಆಫ್ ದಿ ಆಂಡೀಸ್' ಹತ್ತಿರ ಅರ್ಧ ಗಂಟೆ ನಿಲ್ಲಿ. ಸುಮಾರು 10 ಅಡಿ ಅಗಲದ ಚಿತ್ರ. ಅಮೆರಿಕದ ಚಿತ್ರಕಾರ, ಆದರೆ ಬರೆದದ್ದು ದಕ್ಷಿಣ ಅಮೆರಿಕದ ಬೆಟ್ಟಗಳನ್ನು. ಎರಡು ಸಲ ಅಲ್ಲಿ ತಿರುಗಾಡಿ ತಂದ ಸ್ಕೆಚ್‌ಗಳನ್ನೆಲ್ಲ ಸೇರಿಸಿ ಕಟ್ಟಿದ ನೋಟ ಇದು. ಹೀಗೇ ಇರುವ ಜಾಗ ಎಲ್ಲೂ ಇಲ್ಲ. ಆಗ ನ್ಯೂಯಾರ್ಕಿನಲ್ಲಿ ಈ ಒಂದೇ ಚಿತ್ರಕ್ಕೆ 25 ಸೆಂಟ್ ಟಿಕೆಟ್ ಇಟ್ಟಿದ್ದರು. ಮೂರು ವಾರದಲ್ಲಿ 12,000ಕ್ಕೂ ಹೆಚ್ಚು ಜನ ಬಂದರಂತೆ. ನಾಟಕಕ್ಕೆ ಒಯ್ಯುವ ಪುಟ್ಟ ದುರ್ಬೀನು ಹಿಡಿದು ಬೆಂಚಿನ ಮೇಲೆ ಕೂತು, ಎಲೆ ಎಲೆಯನ್ನೂ ನೋಡುತ್ತಿದ್ದರು. ಸಿನಿಮಾ ಇಲ್ಲದ ಕಾಲ ಅಲ್ವಾ!

ಮೊದಲ ಸಲ ನಾನು ದೂರದ ಹಿಮದ ಬೆಟ್ಟ ನೋಡಿ, "ಚೆನ್ನಾಗಿದೆ" ಅಂತ ಮುಂದೆ ಹೋಗಿಬಿಟ್ಟಿದ್ದೆ. ಕೆಳಗೆ ಎಡಗಡೆ ನೋಡಲೇ ಇಲ್ಲ. ಅಲ್ಲೊಂದು ಶಿಲುಬೆ, ಅದರ ಮುಂದೆ ಬೆರಳುಗುರಿನಷ್ಟು ಇಬ್ಬರು ಮನುಷ್ಯರು. ಅಲ್ಲೇ ಬಿಸಿಲು ಬಿದ್ದ ಮರದ ತೊಗಟೆಯಲ್ಲಿ ಚಾಕುವಿನಿಂದ ಕೆತ್ತಿದ ಹಾಗೆ ಚಿತ್ರಕಾರ ಚರ್ಚ್‌ನ ಹೆಸರು, ಇಸವಿ. ನಮ್ಮ ಹುಡುಗರು ಕೋಟೆ ಗೋಡೆ ಮೇಲೆ ಕೆತ್ತುತ್ತಾರಲ್ಲ, ಹಾಗೆ.

ಆಮೇಲೆ ಚರ್ಚ್‌ನ ಗುರು ಥಾಮಸ್ ಕೋಲ್‌ನ 'ದಿ ಆಕ್ಸ್‌ಬೋ' (1836) ಹುಡುಕಿ. ಎಡಗಡೆ ಮಳೆ ಮೋಡ, ಮುರಿದ ಮರ, ಕಾಡು. ಬಲಗಡೆ ಬಿಸಿಲು, ಹೊಲ, ಬಳುಕಿ ಹರಿಯುವ ಕನೆಕ್ಟಿಕಟ್ ನದಿ. ಕೆಳಗೆ ಬಂಡೆಗಳ ನಡುವೆ ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಚಿತ್ರ ಬರೆಯುತ್ತಾ ಕೂತು, ತಿರುಗಿ ನಮ್ಮನ್ನೇ ನೋಡುತ್ತಾನೆ. ಅವನೇ ಕೋಲ್. ಪಕ್ಕದ ಬಂಡೆ ಮೇಲೆ ಅವನ ಕೊಡೆ. ಬಿಸಿಲಿನ ಹೊಲಗಳನ್ನು ಇಷ್ಟು ಚೆಂದ ಬರೆದವನೇ ಅದೇ ವರ್ಷ, ಕೊಡಲಿಗೆ ಸಿಕ್ಕಿ ಕಾಡು ಹಾಳಾಗುತ್ತಿದೆ ಅಂತ ನೊಂದು ಲೇಖನವನ್ನೂ ಬರೆದ. ಹಾಗಾಗಿ ಅವನು ಯಾವ ಕಡೆಯವನು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇದೇ ಬಳಗದ ಬಿಯರ್‌ಸ್ಟಾಟ್ ಬರೆದ ರಾಕಿ ಬೆಟ್ಟಗಳೂ ಅಲ್ಲೇ ಇವೆ. ನನಗೆ ಅವು ಸಕ್ಕರೆ ಜಾಸ್ತಿಯಾದ ಕಾಫಿ. ನಿಮಗೆ ಹಿಡಿಸಬಹುದು.

ವಾಷಿಂಗ್ಟನ್‌ಗೂ ಹೋಗುವುದಾದರೆ ಚರ್ಚ್‌ನ 'ನಯಾಗರಾ' ನ್ಯಾಷನಲ್ ಗ್ಯಾಲರಿಯಲ್ಲಿದೆ. ಕನೆಕ್ಟಿಕಟ್ ಕಡೆ ನೆಂಟರಿದ್ದರೆ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಂ ಮ್ಯೂಸಿಯಂ ಬಿಡಬೇಡಿ. ಅದನ್ನು ಕಟ್ಟಿಸಿದ ಡೇನಿಯಲ್ ವಾಡ್ಸ್‌ವರ್ತ್ ಕೋಲ್‌ನಿಂದ ಚಿತ್ರ ಬರೆಸುತ್ತಿದ್ದವನು, ಚರ್ಚ್‌ನನ್ನು ಕೋಲ್ ಹತ್ತಿರ ಸೇರಿಸಿದವನೂ ಅವನೇ.

ಇನ್ನೊಂದು ದಿನ ಉಳಿದರೆ ಮ್ಯೂಸಿಯಂ ಸಾಕು, ಹಡ್ಸನ್ ಊರಿಗೆ ರೈಲು ಹತ್ತಿ. ಎರಡು ಗಂಟೆ ದಾರಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಬೆಟ್ಟದ ಮೇಲಿನ ಒಲಾನಾಕ್ಕೆ ಹೋಗಬಹುದು. ಅದು ಚರ್ಚ್ ಕಟ್ಟಿಸಿಕೊಂಡ ಮನೆ. ಸೇತುವೆ ದಾಟಿದರೆ ಆಚೆ ದಡದ ಕ್ಯಾಟ್‌ಸ್ಕಿಲ್‌ನಲ್ಲಿ ಕೋಲ್‌ನ ಮನೆ. ಹೋಗುವಾಗ ರೈಲಿನ ಎಡಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ ಇರುತ್ತದೆ. ಬರುವಾಗ ಬಲಗಡೆ.