ದುಬೈಗೆ ಮೊದಲು ಬೆಂಗಳೂರಿಗೊಮ್ಮೆ ಹಾರಿ ಬನ್ನಿ

ಓದುಗರ ಪತ್ರ: "ಮಗಳು ದುಬೈಯಲ್ಲಿದ್ದಾಳೆ. ಮೊಮ್ಮಗುವಿಗೆ ಒಂದೂವರೆ ವರ್ಷವಾಯಿತು, ಫೋನಿನಲ್ಲಿ ನೋಡಿದ್ದೇ ಬಂತು. ಎರಡು ಸಲ ಟಿಕೆಟ್ ಮಾಡಿಸಿ ರದ್ದು ಮಾಡಿದ್ದೇನೆ. ಹಿಂದೊಮ್ಮೆ ದೆಹಲಿಗೆ ಹೋಗುವಾಗ ವಿಮಾನ ಅಲುಗಾಡಿ, ಎದೆ ಹೊಡೆದುಕೊಂಡು, ಕೈ ಜೋಮು ಹಿಡಿದು ಇಲ್ಲೇ ಮುಗಿದೆ ಅನ್ನಿಸಿತ್ತು. 2010ರಲ್ಲಿ ಮಂಗಳೂರಿನಲ್ಲಿ ಬಿದ್ದದ್ದೂ ದುಬೈ ವಿಮಾನವೇ. ಅಹಮದಾಬಾದಿನ ಸುದ್ದಿ ನೋಡಿದ ಮೇಲಂತೂ ಧೈರ್ಯವೇ ಇಲ್ಲ. ಮಾತ್ರೆ ನುಂಗಿ ಮಲಗಿಬಿಡಿ ಎನ್ನುತ್ತಾರೆ. ಹಾಗೆ ಮಾಡಲೇ? ನನಗೆ 57." – ಅಡಿಕೆ ಕೃಷಿಕರು, ಪುತ್ತೂರು

ಮಾನ್ಯರೇ,

ಮಾತ್ರೆಯ ಮಾತನ್ನು ಮೊದಲು ಮುಗಿಸೋಣ. ಬೇಡ ಎಂಬುದೇ ನಮ್ಮ ಅಭಿಪ್ರಾಯ. ಇಂಥದ್ದಕ್ಕೆ ಸಾಮಾನ್ಯವಾಗಿ ಕೊಡುವುದು ಅಲ್ಪ್ರಜೋಲಾಮ್ ಗುಂಪಿನ ಮಾತ್ರೆ. ಆ ದಿನದ ಮಟ್ಟಿಗೆ ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಇಳಿದ ಮೇಲೆ ಮನಸ್ಸು 'ಮಾತ್ರೆ ಇತ್ತು, ಬಚಾವಾದೆ' ಎಂದು ಲೆಕ್ಕ ಬರೆದುಕೊಳ್ಳುತ್ತದೆಯೇ ಹೊರತು 'ವಿಮಾನದಲ್ಲಿ ಏನೂ ಆಗಲಿಲ್ಲ' ಎಂದಲ್ಲ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಮಾನದ ಭಯವಿದ್ದ ಕೆಲವರಿಗೆ ಅಲ್ಪ್ರಜೋಲಾಮ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ಹಾರಿಸಿ, ವಾರದ ನಂತರ ಮಾತ್ರೆಯಿಲ್ಲದೆ ಮತ್ತೆ ಹಾರಿಸಿದರು. ಎರಡನೇ ಸಲ ಹೆಚ್ಚು ಹೆದರಿದವರು ನಿಜವಾದ ಮಾತ್ರೆ ನುಂಗಿದ್ದವರೇ. ಇನ್ನೊಂದು ತೊಡಕೂ ಇದೆ. ಯುಎಇಯಲ್ಲಿ ಇವು ನಿಯಂತ್ರಿತ ಔಷಧಿಗಳು. ವೈದ್ಯರ ಚೀಟಿಯ ಜೊತೆಗೆ ಅಲ್ಲಿನ ಸರ್ಕಾರದ ಮುಂಗಡ ಅನುಮತಿಯೂ ಇಲ್ಲದೆ ನಾಲ್ಕು ಮಾತ್ರೆ ಜೇಬಿನಲ್ಲಿಟ್ಟುಕೊಂಡು ಇಳಿದರೂ ಪೇಚಾಟ. (ದಿನವೂ ತೆಗೆದುಕೊಳ್ಳಿ ಎಂದು ವೈದ್ಯರು ಈಗಾಗಲೇ ಬರೆದುಕೊಟ್ಟಿದ್ದರೆ ಮಾತು ಬೇರೆ. ತಟ್ಟನೆ ನಿಲ್ಲಿಸಬೇಡಿ, ಅನುಮತಿ ಮಾಡಿಸಿಕೊಳ್ಳಿ.)

ನಿಮ್ಮ ಪತ್ರದಲ್ಲಿರುವುದು ಒಂದಲ್ಲ, ಎರಡು ಭಯ. ಒಂದು, ವಿಮಾನ ಬೀಳುತ್ತದೆ ಎಂಬುದು. ಇನ್ನೊಂದು, ಗಾಬರಿಯಲ್ಲಿ ಎದೆಯೇ ನಿಂತುಹೋಗುತ್ತದೆ ಎಂಬುದು. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದಕ್ಕೆ ಮಂಗಳೂರಿನಿಂದಲೇ ಶುರು ಮಾಡೋಣ. 2010ರ ಮೇ 22ರಂದು ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಯಂತ್ರ ಕೆಟ್ಟದ್ದಲ್ಲ, ಮಳೆಯೂ ಕಾರಣವಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗವಾಗಿ ಬರುತ್ತಿತ್ತು. 'ಇಳಿಸುವುದು ಬೇಡ, ಮೇಲಕ್ಕೇರಿಸೋಣ' ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಲು ಹೋದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ದಾಟಿದ ಮೇಲೆ. ಆ ದಿನ ಆಗದೇ ಹೋದ ಕೆಲಸಕ್ಕೆ ಪೈಲಟ್‌ಗಳ ಮಾತಿನಲ್ಲಿ 'ಗೋ-ಅರೌಂಡ್' ಎನ್ನುತ್ತಾರೆ: ಇಳಿಯುವುದನ್ನು ಅರ್ಧಕ್ಕೇ ಕೈಬಿಟ್ಟು ಮತ್ತೆ ಏರುವುದು.

ಮಳೆಗಾಲದಲ್ಲಿ ಮಂಗಳೂರಿಗೆ ಬಂದಿಳಿಯುವಾಗ ನಿಮಗೂ ಒಮ್ಮೆ ಇದರ ಅನುಭವ ಆಗಬಹುದು. ನೆಲ ಹತ್ತಿರ ಕಾಣುತ್ತಿರುವಾಗ ಇಂಜಿನ್ ಒಮ್ಮೆಲೇ ಅಬ್ಬರಿಸುತ್ತದೆ, ಮೂತಿ ಮೇಲೇಳುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, ಚಕ್ರ ಮಡಚಿಕೊಂಡ ಸದ್ದು ಕಾಲ ಕೆಳಗೆ ಕೇಳುತ್ತದೆ. ಕೆಲವು ನಿಮಿಷ ಯಾರೂ ಏನೂ ಹೇಳುವುದಿಲ್ಲ. ಏಕೆಂದರೆ ಒಳಗಿನ ಇಬ್ಬರು ಪೈಲಟ್‌ಗಳಿಗೂ ಕೈತುಂಬ ಕೆಲಸ. ಪ್ರಯಾಣಿಕರು ದೇವರನ್ನು ನೆನೆಯುವ ಗಳಿಗೆ ಅದು. ನಿಜಕ್ಕೂ ಅದು ಪೈಲಟ್ ಸರಿಯಾದ ತೀರ್ಮಾನ ತೆಗೆದುಕೊಂಡ ಗಳಿಗೆ.

ಉಳಿದ ಸದ್ದುಗಳನ್ನೂ ಮೊದಲೇ ತಿಳಿದಿಟ್ಟುಕೊಳ್ಳಿ. ಏರ್‌ಬಸ್ 320 ಜಾತಿಯ ವಿಮಾನವಾದರೆ ನಿಲ್ದಾಣದಲ್ಲಿ ಇರುವಾಗಲೇ ನಿಮ್ಮ ಕಾಲ ಕೆಳಗಿನಿಂದ ನಾಯಿ ಬೊಗಳಿದಂತೆ, ಗರಗಸ ಎಳೆದಂತೆ ಸದ್ದು ಬರುವುದುಂಟು. ಅದು ಒಂದು ಹೈಡ್ರಾಲಿಕ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಒತ್ತಡ ದಾಟಿಸುವ ಘಟಕ. ಏಳಲು ಓಡುವುದು ಅರ್ಧ ನಿಮಿಷಕ್ಕೂ ತುಸು ಹೆಚ್ಚು. ನೆಲ ಬಿಟ್ಟ ಕೆಲವೇ ಸೆಕೆಂಡಿಗೆ 'ಧಡ್' ಎಂದರೆ ಚಕ್ರ ಒಳಗೆ ಹೋಯಿತು. ಆಮೇಲೆ ಬರುವುದೇ ಹೆಚ್ಚಿನವರನ್ನು ಹೆದರಿಸುವ ಗಳಿಗೆ: 1,000ದಿಂದ 1,500 ಅಡಿ ಏರಿದ ಮೇಲೆ ಇಂಜಿನ್ ಸದ್ದು ಥಟ್ಟನೆ ತಗ್ಗುತ್ತದೆ, ಹೊಟ್ಟೆಯೊಳಗೆ ಬಿದ್ದಂತಾಗುತ್ತದೆ. ವಿಮಾನ ಬೀಳುತ್ತಿಲ್ಲ, ಏರುತ್ತಲೇ ಇದೆ. ಪೂರ್ತಿ ಶಕ್ತಿಯನ್ನು ಏರುವುದಕ್ಕೆ ಬೇಕಾದಷ್ಟಕ್ಕೆ ಇಳಿಸಿದ್ದಾರೆ, ಅಷ್ಟೆ. ಏರುವ ವೇಗ ಕಮ್ಮಿಯಾದದ್ದನ್ನು ಒಳಕಿವಿ 'ಇಳಿಯುತ್ತಿದ್ದೇವೆ' ಎಂದು ತಪ್ಪಾಗಿ ಓದುತ್ತದೆ. ಗಡಿಯಾರ ನೋಡಿಕೊಂಡು ಕಾಯಿರಿ, ನೆಲ ಬಿಟ್ಟು ಒಂದು ನಿಮಿಷದೊಳಗೆ ಅದು ಬರುತ್ತದೆ. ಕಾದು ಕುಳಿತವನಿಗೆ ಬೆಚ್ಚುವುದು ಕಷ್ಟ.

ಅಲುಗಾಟದ ವಿಷಯ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಭೀಕರವಾಗಿ ಅಲುಗಿತು. ಸಾವಿರಾರು ಅಡಿ ಬಿತ್ತು ಎಂದು ಸುದ್ದಿಯಾಯಿತು. ತನಿಖೆಯ ಪ್ರಾಥಮಿಕ ವರದಿಯ ಪ್ರಕಾರ ಆ ಕೆಟ್ಟ ಗಳಿಗೆಯಲ್ಲಿ ಇಳಿದದ್ದು 4.6 ಸೆಕೆಂಡಿನಲ್ಲಿ 178 ಅಡಿ. ಬೆಲ್ಟ್ ಹಾಕದವರು ಮೇಲೆ ಚಿಮ್ಮಿ ಮತ್ತೆ ಕೆಳಕ್ಕೆ ಬಿದ್ದರು. ರೆಕ್ಕೆಗೆ ಏನೂ ಆಗಲಿಲ್ಲ. ಸೇವೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ತಡೆಯುವಂತೆ ರೆಕ್ಕೆಯನ್ನು ಕಟ್ಟಬೇಕೆಂಬುದು ನಿಯಮ. ಹಾಗಾಗಿ ಅಲುಗಾಟದಲ್ಲಿ ಜೋಪಾನ ಮಾಡಬೇಕಾದ್ದು ವಿಮಾನವನ್ನಲ್ಲ, ನಿಮ್ಮ ತಲೆಯನ್ನು. ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿದು, 'ಬೆಲ್ಟ್ ಹಾಕಿಕೊಳ್ಳಿ' ಎನ್ನುವ ದೀಪ ಆರಿದ ಮೇಲೂ ಹಾಗೇ ಬಿಡಿ. ಕೈಹಿಡಿಯನ್ನು ಗಟ್ಟಿ ಹಿಡಿಯಬೇಡಿ. ಶಿರಾಡಿ ಘಾಟಿಯ ಬಸ್ಸಿನಲ್ಲಿ ತೂಕಡಿಸುವಾಗ ಮೈಯನ್ನು ಹೇಗೆ ಬಿಟ್ಟುಕೊಡುತ್ತೀರೋ ಹಾಗೆ ಬಿಡಿ. ಸೀಟು ರೆಕ್ಕೆಯ ಆಸುಪಾಸಿನದಿರಲಿ. ಬಾಲದ ಕಡೆ ತೂಗಾಟ ಜಾಸ್ತಿ.

ಎರಡನೇ ಭಯಕ್ಕೆ ಬರೋಣ. ಹೊರಡುವ ತಿಂಗಳ ಮೊದಲೇ ರಕ್ತದೊತ್ತಡ ಮತ್ತು ಇಸಿಜಿ ನೋಡಿಸಿ. ಗುಡ್ಡ ಹತ್ತುವಾಗ ಎದೆ ಹಿಡಿಯುವುದುಂಟಾದರೆ ಇದೆಲ್ಲ ಬದಿಗಿಟ್ಟು ಹೃದಯದ ವೈದ್ಯರ ಬಳಿ ಹೋಗಿ. ವೈದ್ಯರು ಎಲ್ಲ ಸರಿಯಿದೆ ಎಂದರೆ, ದೆಹಲಿಯ ದಾರಿಯಲ್ಲಿ ಆದದ್ದು ಬಹುಶಃ ಹೀಗೆ: ಗಾಬರಿಯಲ್ಲಿ ಉಸಿರು ವೇಗವಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗಿ, ಕೈಬೆರಳು, ತುಟಿ ಜೋಮು ಹಿಡಿದು ತಲೆ ಹಗುರಾಯಿತು. ಅದನ್ನು ಕಂಡು ಇನ್ನಷ್ಟು ಗಾಬರಿ, ಇನ್ನಷ್ಟು ಉಸಿರು. ಇದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಮಾಡಬೇಕಾದ್ದು: ಬಾಯಿ ಮುಚ್ಚಿ, ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ಐದು ನಿಮಿಷ. ದೀರ್ಘವಾಗಿ ಎಳೆದುಕೊಳ್ಳುವುದಲ್ಲ, ನಿಧಾನವಾಗಿ ಬಿಡುವುದೇ ಮುಖ್ಯ. ಯೋಗ ಗೊತ್ತಿರುವವರು ಅಲ್ಲಿ ಕಪಾಲಭಾತಿ, ಭಸ್ತ್ರಿಕಾ ಮಾಡಲು ಹೋಗಬೇಡಿ. ವೇಗದ ಉಸಿರು ಬೆಂಕಿಗೆ ತುಪ್ಪ. ಆ ದಿನ ಬೆಳಗಿನ ಕಾಫಿಯನ್ನೂ ಬಿಡಿ.

ಇನ್ನು ಅಭ್ಯಾಸ. ನಿಮ್ಮ ಭಯವನ್ನು ಬೆಳೆಸಿದ್ದು ಆ ದೆಹಲಿ ಪ್ರಯಾಣಕ್ಕಿಂತ ಹೆಚ್ಚಾಗಿ ಆ ಎರಡು ರದ್ದಾದ ಟಿಕೆಟ್. ರದ್ದು ಮಾಡಿದ ಕೂಡಲೇ ಸಿಕ್ಕಿದ ನೆಮ್ಮದಿಯೇ ಭಯಕ್ಕೆ ಗೊಬ್ಬರ.

ಮೊದಲ ಎರಡು ವಾರ ದಿನಕ್ಕೆ ಇಪ್ಪತ್ತು ನಿಮಿಷ ಹೆಡ್‌ಫೋನ್ ಹಾಕಿ, ವಿಮಾನದೊಳಗೆ ಕುಳಿತು ಚಿತ್ರಿಸಿದ ವಿಡಿಯೋ ನೋಡಿ: ಓಡುವುದು, ಏಳುವುದು, ಅಲುಗಾಟ, ಇಳಿಯುವುದು. ಭಯಕ್ಕೆ ಹತ್ತರಲ್ಲಿ ಅಂಕ ಕೊಟ್ಟು ಬರೆದಿಡಿ. ಎಂಟು ಇದ್ದದ್ದು ನಾಲ್ಕಕ್ಕೆ ಬರುವವರೆಗೆ ಏಳಬೇಡಿ. ತುದಿಯಲ್ಲಿರುವಾಗ ನಿಲ್ಲಿಸಿದರೆ ಪುನಃ ರದ್ದಾದ ಟಿಕೆಟ್ಟಿನ ಕಥೆಯೇ. ಅಪಘಾತದ ವಿಡಿಯೋ ಮಾತ್ರ ಬೇಡ, ಅದು ಅಭ್ಯಾಸವಲ್ಲ, ಹುಣ್ಣು ಕೆರೆದುಕೊಂಡಂತೆ.

ಆಮೇಲೆ ಮಂಗಳೂರಿನಿಂದ ಬೆಂಗಳೂರಿಗೆ ಒಂದು ಹಾರಾಟ. ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆಯಷ್ಟೇ. ಮಳೆಗಾಲದಲ್ಲಿ ಘಟ್ಟದ ಮೇಲೆ ಕುಲುಕಾಟ ಇರುವುದರಿಂದ ಡಿಸೆಂಬರ್–ಫೆಬ್ರವರಿ ನೋಡಿ. ನೆಲ ಕಾಯುವ ಮುಂಚಿನ ಬೆಳಗ್ಗೆ ಗಾಳಿ ಶಾಂತ. ಆದರೆ ಆ ತಿಂಗಳುಗಳಲ್ಲಿ ಬೆಂಗಳೂರಿನ ಮಂಜಿಗೆ ನಸುಕಿನ ವಿಮಾನಗಳು ತಡವಾಗುತ್ತವೆ. ಒಂಬತ್ತು–ಹತ್ತು ಗಂಟೆಯದು ಹಿಡಿಯಿರಿ. ಹತ್ತುವಾಗ ಗಗನಸಖಿಗೆ ಒಂದೇ ಸಲ, 'ನನಗೆ ಹೆದರಿಕೆಯಿದೆ' ಎಂದು ಹೇಳಿ. ಹತ್ತು ಸಲ ಕೇಳಿ ಧೈರ್ಯ ಪಡೆಯುವುದು ಇನ್ನೊಂದು ಮಾತ್ರೆಯೇ. ಹೆಚ್ಚಿನವರು ಎಡವುವುದು ಮರಳುವಾಗ: 'ಒಂದು ಸಲ ಸಾಕು' ಎಂದು ರಾತ್ರಿ ಬಸ್ಸಿಗೆ ಹತ್ತಿಬಿಡುತ್ತಾರೆ. ಬಸ್ಸು ಬೇಡ. ಎರಡು ದಿನದೊಳಗೆ ವಿಮಾನದಲ್ಲೇ ಬನ್ನಿ. ದುಬೈ ಟಿಕೆಟ್ ಅದರ ಎರಡು–ಮೂರು ವಾರಕ್ಕೇ ಇರಲಿ. ನಾಲ್ಕು ಗಂಟೆಯ ದಾರಿ.

ಇಷ್ಟಾದರೂ ಬೆಂಗಳೂರು ವಿಮಾನವನ್ನೇ ಹತ್ತಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅದು, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಂತ ಹಂತವಾಗಿ ಭಯಕ್ಕೆ ಒಡ್ಡಿಕೊಳ್ಳುವ ಈ ಚಿಕಿತ್ಸೆ ಬಲ್ಲ ಮನಶ್ಶಾಸ್ತ್ರಜ್ಞರು ಹತ್ತಿರದಲ್ಲಿ ಎಲ್ಲಿ ಸಿಗುತ್ತಾರೆಂದು ಕೇಳಿ.

ಮಗಳಿಗೆ ಕಟ್ಟಿಕೊಂಡು ಹೋಗುವ ಗಂಟಿನಲ್ಲಿ ಗಸಗಸೆ, ವೀಳ್ಯದೆಲೆ ಇರದಿರಲಿ. ಎರಡೂ ಅಲ್ಲಿ ನಿಷಿದ್ಧ.

– ಸಂ.